ಅರ್ಧ ರುಮಾಲು

ಟ್ರಂಕು ತೆಗೆದರೆ ನುಸಿಗುಳಿಗೆ ವಾಸನೆಯ ಜೊತೆ ಅಪ್ಪನ ಅರ್ಧ ಜರಿ ರುಮಾಲು ಸಿಕ್ಕಿತು.

ನಿಜಾಮನ ಕಾಲದ ಮಾತು. ಅಫಜಲಪುರದ ಚದುರಂಗ ಪಂದ್ಯದಲ್ಲಿ ಕೊನೆಗೆ ಉಳಿದವರು ಅಪ್ಪ ಮತ್ತು ಜೇವರ್ಗಿಯ ಮಾಸ್ತರರು. ಗೆದ್ದವರಿಗೆ ಈ ರುಮಾಲು. ಇಬ್ಬರೂ ಪುಕ್ಕಲರು. ಸೋಲಿಗೆ ಹೆದರಿ, ಬೆಳಗಿನಿಂದ ರಾಜನನ್ನು ಪಕ್ಕದ ಮನೆಗೆ ಸರಿಸುವುದು, ಮತ್ತೆ ಹಿಂದಕ್ಕೆ ತರುವುದು, ನಡುವೆ ಎಲೆ ಅಡಿಕೆ ಜಗಿಯುವುದು, ಇಷ್ಟೇ ಮಾಡಿದರು.

ಮಧ್ಯಾಹ್ನ ಅಪ್ಪ, "ಬರಾಬರ್ ಆತ್ರಿ ಮಾಸ್ತರ್ರ, ಇಬ್ರೂ ಸಮ" ಎಂದರು.

"ಹೌದ್ರಿ, ಬರಾಬರ್" ಎಂದ ಮಾಸ್ತರರು ಕತ್ತರಿ ತರಿಸಿ ರುಮಾಲನ್ನು ಎರಡು ಮಾಡಿಸಿದರು.

ಮನೆಗೆ ಬಂದು ಅಪ್ಪ ತಮ್ಮ ಅರ್ಧವನ್ನು ಠೀವಿಯಿಂದ ತಲೆಗೆ ಸುತ್ತಿಕೊಂಡರು. ಎರಡೇ ಸುತ್ತಿಗೆ ಬಟ್ಟೆ ಮುಗಿದು ನೆತ್ತಿ ಬಯಲಾಗಿಯೇ ಉಳಿಯಿತು.

"ರೊಟ್ಟಿ ಕಟ್ಟಾಕ ಆತು ಬಿಡ್ರಿ" ಎಂದಳು ಅವ್ವ.

ಇಂದು ಮೊಮ್ಮಗಳು ಕೇಳಿದಳು, "ಮುತ್ತಜ್ಜ ಗೆದ್ದಿದ್ನೇನ ಅಜ್ಜಿ?"

ರುಮಾಲು ಬಿಡಿಸಿ, ರೊಟ್ಟಿ ಜೊತೆ ಕಟ್ಟುತ್ತಿದ್ದ ಶೇಂಗಾ ಹಿಂಡಿಯ ಎಣ್ಣೆಕಲೆ ತೋರಿಸಿದೆ.