ಗುಳ್ಳೆ ಒಡೆಯುವ ಸದ್ದು

ಆಸ್ಪತ್ರೆಯ ಹಾಸು, ಹೊದಿಕೆ ಒಗೆಯುವ ವಿಭಾಗದಲ್ಲಿ ಆಕೆ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿದ್ದಳು. ದಿನವಿಡೀ ಗಡಗಡ ಎನ್ನುವ ಯಂತ್ರಗಳ ನಡುವೆ ನಿಂತು ನಿಂತು ಕಿವಿ ಮುಕ್ಕಾಲು ಮಂದವಾಗಿತ್ತು. ಮಾತಾಡಿಸಲು ಬಂದವರು ಒಂದೆರಡು ಸಲ ಹೇಳಿ ನೋಡಿ, ಮೂರನೆಯ ಸಲಕ್ಕೆ "ಹೋಗ್ಲಿ ಬಿಡಿ" ಎಂದು ಕೈಯಾಡಿಸಿ ನಡೆದುಬಿಡುತ್ತಿದ್ದರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನೆಲಮಹಡಿಯ ಒಂದೇ ಕೋಣೆಯಲ್ಲಿ ಭಾನುವಾರವನ್ನು ನೂಕುವುದೇ ಆಕೆಗೆ ವಾರದ ಅತಿ ದೊಡ್ಡ ಕೆಲಸ.

ಅಂಥದೊಂದು ಭಾನುವಾರ ಮೇಲಿನ ಮನೆಯ ನರ್ಸ್ ತನ್ನಿಬ್ಬರು ಮಕ್ಕಳನ್ನು ಬಾಗಿಲಿಗೆ ತಂದು ನಿಲ್ಲಿಸಿದಳು.

"ಅಕ್ಕಾ, ಡ್ಯೂಟಿಗೆ ಕರೆದಿದಾರೆ. ಸಂಜೆವರೆಗೂ ನೋಡ್ಕೊಳ್ತೀರಾ?"

ತುಟಿ ನೋಡಿ ಅರ್ಥ ಮಾಡಿಕೊಂಡು ಆಕೆ ತಲೆಯಾಡಿಸಿದಳು.

ಎಂಟು ವರ್ಷದ ಅಕ್ಕ, ಐದು ವರ್ಷದ ತಮ್ಮ. ಇಬ್ಬರೂ ಮುಖ ಸಪ್ಪಗೆ ಮಾಡಿಕೊಂಡು ಮಂಚದ ಅಂಚಿನಲ್ಲಿ ಕೂತರು. ಆ ಮನೆಯಲ್ಲಿ ಆಟದ ಸಾಮಾನೆಲ್ಲಿಂದ ಬರಬೇಕು? ಆಕೆ ಪಾತ್ರೆ ತೊಳೆಯುವ ಸೋಪನ್ನು ಬಟ್ಟಲಲ್ಲಿ ಕಲಸಿ, ಖಾಲಿ ಪೆನ್ನಿನ ಕೊಳವೆಯಿಂದ ಊದಿದಳು. ಗುಳ್ಳೆ ತುದಿಯಲ್ಲೇ ಒಡೆಯಿತು.

"ದೊಡ್ಡಮ್ಮಾ, ನಿಮಗೆ ಬರಲ್ಲ!" ಹುಡುಗ ಕೂಗಿದ.

"ಬರತ್ತೆ, ಇರಪ್ಪಾ."

ಒಂದು ಚಮಚ ಸಕ್ಕರೆ ಕರಗಿಸಿದಳು. ಬಿರುಕು ಬಿಟ್ಟ ಕೈಗೆ ಹಚ್ಚಿಕೊಳ್ಳುವ ಗ್ಲಿಸರಿನ್ ನೆನಪಾಗಿ ಅದನ್ನೂ ನಾಲ್ಕು ಹನಿ ಬಿಟ್ಟಳು. ಹ್ಯಾಂಗರಿನ ತಂತಿಯನ್ನು ಉಂಗುರದಂತೆ ಬಾಗಿಸಿ, ಅದ್ದಿ, ಮೆಲ್ಲಗೆ ಬೀಸಿದಳು. ಚೆಂಡಿನಷ್ಟು ದೊಡ್ಡ ಗುಳ್ಳೆಯೊಂದು ಓಲಾಡುತ್ತ ಎದ್ದು, ಬಟ್ಟೆ ಹಗ್ಗವನ್ನು ದಾಟಿ, ಗೋಡೆಗೆ ತಾಗಿ ಇಲ್ಲವಾಯಿತು.

"ಸದ್ದು ಬಂತಾ?" ಆಕೆ ಕೇಳಿದಳು.

ಹುಡುಗ ಅವಳ ಮುಖವನ್ನೇ ನೋಡಿದ. ಮಂಚ ಹತ್ತಿ, ಕಿವಿಗೆ ಬಾಯಿಟ್ಟು, "ಟಪ್!" ಅಂದ. ಬೆಚ್ಚನೆಯ ಉಸಿರು ಕಿವಿಗೆ ತಾಗಿತು. ಆಮೇಲೆ ಒಂದೊಂದು ಗುಳ್ಳೆ ಒಡೆದಾಗಲೂ ಓಡಿಬಂದು ವರದಿ ಒಪ್ಪಿಸತೊಡಗಿದ.

"ಸುಳ್ಳು ದೊಡ್ಡಮ್ಮಾ, ಸದ್ದೇ ಬರಲ್ಲ," ಅಕ್ಕ ಜೋರಾಗಿ ಚಾಡಿ ಹೇಳಿದಳು.

"ಬಂದಿರತ್ತೆ ಬಿಡೇ, ನಿನ್ ಕಿವೀನೂ ನನ್ ಥರಾನೇ," ಎಂದು ಆಕೆ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ, ದವಡೆ ನೋವು ಬಂತು.

ಹೀಗೆ ನಾಲ್ಕು ಭಾನುವಾರ ನಡೆಯಿತು. ಅಷ್ಟರಲ್ಲಿ ನರ್ಸಿಗೆ ಬೇರೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವರು ಮನೆ ಖಾಲಿ ಮಾಡಿದ ದಿನ ಆಕೆ ತನ್ನ ಕೋಣೆಯಿಂದ ಹೊರಬರುವ ಹೊತ್ತಿಗೆ ಸಾಮಾನೆಲ್ಲ ಲಾರಿಗೆ ಏರಿತ್ತು, ಮಕ್ಕಳು ಮುಂದಿನ ಸೀಟಿನಲ್ಲಿದ್ದರು. ಹುಡುಗ ಗಾಜಿಗೆ ಮೂಗೊತ್ತಿ ಏನೋ ಹೇಳಿದ. ಅವನ ಉಸಿರಿಗೆ ಗಾಜು ಮಸುಕಾಗಿ ತುಟಿ ಕಾಣಲಿಲ್ಲ. ಎಲ್ಲದಕ್ಕೂ ಹೂಂ ಎನ್ನುವಂತೆ ಆಕೆ ತಲೆಯಾಡಿಸುತ್ತಲೇ ನಿಂತಳು. ಲಾರಿ ತಿರುವು ದಾಟಿತು.

ಮುಂದಿನ ಎರಡು ಭಾನುವಾರ ಆಕೆ ಮಧ್ಯಾಹ್ನದವರೆಗೂ ಬಾಗಿಲು ತೆರೆದಿಟ್ಟು ಕೂತಳು. ಮೂರನೆಯ ವಾರ ಮೇಲ್ವಿಚಾರಕನ ಬಳಿ ಹೋದಳು.

"ಸಾರ್, ಭಾನುವಾರಾನೂ ನಂಗೆ ಡ್ಯೂಟಿ ಹಾಕಿ."

"ಈ ವಯಸ್ಸಲ್ಲಿ ಯಾಕಮ್ಮಾ? ಮನೇಲಿ ಆರಾಮಾಗಿರಬಾರದಾ?" ಅವನು ಗಟ್ಟಿಯಾಗಿ ಕೇಳಿದ.

"ಮನೇಲಿ ಕೆಲಸ ಇಲ್ಲ ಸಾರ್," ಎಂದಳು.

ಅವನು ಪಟ್ಟಿ ತೆಗೆದು ಬರೆದುಕೊಂಡ.