ಮಗ್ಗ ನಿಂತಾಗ ಕೇಳಿಸಿದ ಮಾತು

ಮಗ್ಗದ ಮನೆಯಲ್ಲಿ ಬೆಳೆದವರಿಗೆ ಎರಡು ಅಭ್ಯಾಸ ತಾವಾಗಿಯೇ ಬರುತ್ತವೆ: ಗಂಟಲು ಹರಿಯುವಂತೆ ಮಾತಾಡುವುದು, ಎದುರಿನವರ ತುಟಿ ನೋಡಿಯೇ ಮಾತು ತಿಳಿಯುವುದು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಪವರ್‌ಲೂಮುಗಳು ಓಡುವಾಗ ಬೇರೆ ದಾರಿಯೂ ಇಲ್ಲ.

ಆ ಬೆಳಿಗ್ಗೆ ನನ್ನ ಕಣ್ಣು ಗಡಿಯಾರದ ಮೇಲೇ ಇತ್ತು. ಹಿಂದಿನ ಭಾನುವಾರ ನನ್ನನ್ನು ನೋಡಿಕೊಂಡು ಹೋಗಿದ್ದ ಹುಡುಗನ ಮನೆಯವರು ಹನ್ನೊಂದು ಗಂಟೆಗೆ ಫೋನ್ ಮಾಡುವವರಿದ್ದರು. ಅವರದು ಒಂದೇ ಷರತ್ತು, ಮದುವೆಯಾದ ಮೇಲೆ ಕಬಡ್ಡಿ ಸಾಕು. ಅಪ್ಪ ಹೂಂ ಎಂದು ತಲೆಯಾಡಿಸಿದ್ದರು. ಹೈಸ್ಕೂಲಿನಿಂದ ಮಂಡಿ ತರಚಿಕೊಂಡು ಆಡುತ್ತ ಬಂದ ನಾನು ಕಾಫಿ ತಟ್ಟೆ ಹಿಡಿದು ನೆಲ ನೋಡಿದ್ದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಫೋನಿನ ಚಿಂತೆ ಮರೆಯಲು ಮಗ್ಗದ ಪಕ್ಕ ನಿಂತೇ ಕಾದಂಬರಿ ಓದುತ್ತಿದ್ದೆ. ಕಬಡ್ಡಿ ಆಡುವ ಹುಡುಗಿ, ಅವಳ ಮಂಡಿಗೆ ಪಟ್ಟಿ ಸುತ್ತುವ ಫಿಸಿಯೋ, ಅವರಿಬ್ಬರ ಪ್ರೀತಿ. ಅವಳೂ ನನ್ನಂತೆಯೇ, ಇರುವ ಒಂದೇ ಜೆರ್ಸಿಯನ್ನು ಒಗೆದು ಒದ್ದೆಯಲ್ಲೇ ತೊಡುವವಳು. ಅವನೋ, ಬಸ್ ತಪ್ಪೀತೆಂದು ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುವ ಪುಕ್ಕಲ. ಇಂಥವರನ್ನು ನಮ್ಮ ಬೀದಿಯಲ್ಲೇ ತೋರಿಸಬಲ್ಲೆ. ಕೊನೆಗೆ ಅವನೂ ಮದುವೆ ಮಾತೆತ್ತಿ ಆಟ ಬಿಡು ಎಂದಾಗ ನಾನು ಪುಟದಿಂದ ಕಣ್ಣು ಕೀಳಲಿಲ್ಲ. ಲಾಳಿಯಲ್ಲಿ ನೂಲು ಮುಗಿದದ್ದೂ ಗೊತ್ತಾಗಲಿಲ್ಲ. ಎದುರು ಮಗ್ಗದಲ್ಲಿದ್ದ ತಂಗಿ ಓಡಿಬಂದು ನನ್ನ ಮಗ್ಗ ನಿಲ್ಲಿಸಿ, ಚೆನ್ನಾಗಿ ಬೈದು, ಆಮೇಲೆ ಆ ಹುಡುಗಿ ಏನಂದಳು ಎಂದು ತುಟಿಯಲ್ಲೇ ಕೇಳಿದಳು. ಅವಳೂ ಅರ್ಧ ಓದಿದ್ದಳು.

ಉಳಿದ ಮೂರು ಮಗ್ಗಗಳ ಸದ್ದನ್ನು ಮೀರಿಸಿ ನಾನು ಆ ಹುಡುಗಿಯ ಉತ್ತರ ಕೂಗುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು.

"ಆಟ ಬಿಡು ಅನ್ನೋನ್ನ ನಾನು ಕಟ್ಕೊಳಲ್ಲ."

ಇಡೀ ಬೀದಿಯ ಮಗ್ಗಗಳು ನಿಂತಿದ್ದವು. ಎದುರು ಮನೆಯ ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯೂ ತಿರುಗಿ ನೋಡಿದರು. ನಮ್ಮ ಬಾಗಿಲಲ್ಲಿ ಅಪ್ಪ ನಿಂತಿದ್ದರು, ಕೈಯಲ್ಲಿ ಫೋನ್. ಅದು ಕಾದಂಬರಿಯ ಮಾತು ಎಂದು ತಂಗಿ ತಡವರಿಸಿದಳು. ಅಪ್ಪ ಅವಳತ್ತ ನೋಡಲೇ ಇಲ್ಲ.

"ಪುಸ್ತಕದ್ದೇನಮ್ಮ, ಇಲ್ಲಾ ನಿಂದಾ?"

ಪುಸ್ತಕದ್ದು ಎಂದುಬಿಟ್ಟರೆ ಅಲ್ಲಿಗೇ ಮುಗಿಯುತ್ತಿತ್ತು. ಕಾದಂಬರಿ ಮುಚ್ಚಿ ಅಪ್ಪನ ಮುಖ ನೋಡಿದೆ.

"ಪುಸ್ತಕದ್ದೇ ಅಪ್ಪ. ನಂದೂ ಅದೇ."

ಅಷ್ಟರಲ್ಲಿ ಹುಡುಗನ ಮನೆಯವರ ಫೋನ್ ಬಂತು. ಅಪ್ಪ ಅದನ್ನು ಕಿವಿಗಿಟ್ಟುಕೊಂಡರೋ ಇಲ್ಲವೋ, ಕರೆಂಟೂ ಬಂದು ಮಗ್ಗಗಳು ಒಟ್ಟಿಗೆ ಬಡಿಯತೊಡಗಿದವು. ನಿಲ್ಲಿಸಲು ನನಗೆ ಕೈ ಬರಲಿಲ್ಲ. ಅಪ್ಪ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಮಾತಾಡುತ್ತಿದ್ದರು. ಒಂದಕ್ಷರವೂ ಕೇಳಿಸಲಿಲ್ಲ. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ.

"ನಮ್ಮುಡುಗಿ ಆಡ್ತಾಳಂತೆ. ಬಿಡ್ಸಕ್ಕಾಗಲ್ಲ, ಸ್ವಾಮಿ."