ದೇವರ ಕೆಲಸಕ್ಕೂ ತಪಾಸಣೆ

ಗ್ರೇಸಮ್ಮನವರು ತಮ್ಮ ಚಿಂತೆಯನ್ನೆಲ್ಲ ದೇವರಿಗೆ ಒಪ್ಪಿಸಿಬಿಡುತ್ತಿದ್ದರು. ಒಪ್ಪಿಸಿದ ಮೇಲೆ ಆತ ಕೆಲಸ ಸರಿಯಾಗಿ ಮಾಡುತ್ತಿದ್ದಾನೋ ಇಲ್ಲವೋ ಎಂದು ದಿನಕ್ಕೆ ಮೂರು ಸಲ ಹೋಗಿ ನೋಡಿಬರುತ್ತಿದ್ದರು.

ಇದರಲ್ಲಿ ಅವರದು ತಪ್ಪೆಂದು ನಾನು ಹೇಳಲಾರೆ. ಅವರು ಮಾಡುತ್ತಿದ್ದ ನೌಕರಿಯೇ ಅಂಥದ್ದು. ಯಶವಂತಪುರದ ಆಚೆ ಒಂದು ಕಾರ್ಖಾನೆ. ಎಳ್ಳಿನಷ್ಟು ಸಣ್ಣ ಹಲ್ಲಿನ ಚಕ್ರಗಳು, ಕಣ್ಣಿಗೆ ಕಾಣದಂಥ ಸ್ಕ್ರೂಗಳು ಅಲ್ಲಿ ತಯಾರಾಗುತ್ತಿದ್ದವು. ಗ್ರೇಸಮ್ಮ ಇನ್‌ಸ್ಪೆಕ್ಷನ್ ವಿಭಾಗದ ಹಿರಿಯರು. ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಕೂತರೆಂದರೆ ಇಡೀ ಕಾರ್ಖಾನೆಯ ಗಂಡಸರು ನಡುಗುತ್ತಿದ್ದರು. ಅವರು ಕೆಂಪು ಚೀಟಿ ಅಂಟಿಸಿದ ಮಾಲನ್ನು ಮ್ಯಾನೇಜರು ಬಂದರೂ ಪಾಸು ಮಾಡಿಸಲಾಗುತ್ತಿರಲಿಲ್ಲ. ಇಂಥವರು ದೇವರ ಕೆಲಸವನ್ನು ಮಾತ್ರ ನೋಡದೆ ಬಿಡುತ್ತಾರೆಯೇ?

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಗದಗಿನ ಕಡೆಯಿಂದ ಬಂದು ಅವರ ಪಕ್ಕದ ಬೆಂಚಿಗೆ ಕೂತೆ. ಗಂಡ ಹೆಬ್ಬಾಳದಲ್ಲಿ ಕಾಲೇಜಿನ ಗುಮಾಸ್ತ, ಮನೆ ಯಲಹಂಕದಲ್ಲಿ, ಕಂಕುಳಲ್ಲಿ ಎರಡು ವರ್ಷದ ಸುಮಾ. ಹುಟ್ಟಾ ಚಿಂತೆಗಾರ್ತಿ ನಾನು. ಹಾಲು ಉಕ್ಕಿದರೂ ಚಿಂತೆ, ಉಕ್ಕದಿದ್ದರೂ ಚಿಂತೆ. ಗ್ರೇಸಮ್ಮನವರಿಗೆ ನನ್ನಂಥವಳು ಸಿಕ್ಕಿದ್ದು ಹಬ್ಬವಾಯಿತು.

“ಯಾಕೇ ನೀಲಾ ಮುಖ ಹಿಂಗಿಟ್ಕೊಂಡಿದ್ಯಾ? ಭಾರ ಎಲ್ಲ ಕರ್ತನ ಮೇಲೆ ಹಾಕ್ಬಿಡು ಕಣೇ. ಅವನಿರೋದ್ಯಾಕೆ?”

ಒಮ್ಮೆ ಸುಮಾಳಿಗೆ ಜ್ವರ ಬಂತು. ಕ್ಯಾಂಟೀನಿನಲ್ಲಿ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು, ನನ್ನ ತಲೆಯ ಮೇಲೆ ಕೈಯಿಟ್ಟು, ಮಗುವಿನ ಹೆಸರು, ವಯಸ್ಸು, ಮನೆಯ ಗುರುತು ಎಲ್ಲವನ್ನೂ ದೇವರಿಗೆ ವಿವರವಾಗಿ ತಿಳಿಸಿ ಆಮೆನ್ ಅಂದರು. “ಮುಗೀತು. ಇನ್ಮೇಲೆ ನೀನು ಯೋಚ್ನೆ ಮಾಡಿದ್ರೆ ಪಾಪ” ಎಂದು ಎಚ್ಚರಿಸಿದರು. ಸಂಜೆ ನಾನು ಮನೆ ಸೇರಿ ಚಪ್ಪಲಿ ಬಿಡುವಷ್ಟರಲ್ಲಿ ಬಾಗಿಲಲ್ಲಿ ಗ್ರೇಸಮ್ಮ! ಆರ್.ಟಿ. ನಗರದ ತಮ್ಮ ಮನೆಗೂ ಹೋಗದೆ ಎರಡು ಬಸ್ಸು ಬದಲಾಯಿಸಿ, ವ್ಯಾನಿಟಿ ಬ್ಯಾಗಿನಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಬಂದಿದ್ದರು.

“ಅಕ್ಕಾರ, ದೇವರ ಮ್ಯಾಲ ನಂಬಿಕಿ ಇಲ್ಲೇನ್ರಿ ನಿಮಗ?” ಎಂದು ಕೇಳಿಯೇಬಿಟ್ಟೆ.

“ನಂಬಿಕೆ ಇದೆ ಕಣೇ. ಆದ್ರೂ ಕೆಲಸ ಅಂದ್ಮೇಲೆ ಒಬ್ರು ಚೆಕ್ ಮಾಡೋರು ಬೇಕಲ್ವಾ?” ಎಂದು ಥರ್ಮಾಮೀಟರನ್ನು ಒದರಿ ಮಗುವಿನ ಕಂಕುಳಿಗಿಟ್ಟರು. ಜ್ವರ ಇಳಿದಿತ್ತು. ದೇವರನ್ನು ಪಾಸು ಮಾಡಿ, ಕಾಫಿ ಕುಡಿದು ಹೋದರು.

ಹೀಗೆಯೇ ಹತ್ತು ವರ್ಷ ಕಳೆಯಿತು. ಆಮೇಲೊಂದು ದಿನ ಅವರು ಪಾಸು ಮಾಡಿದ ಚಕ್ರಗಳ ತಟ್ಟೆಯಲ್ಲಿ ಹಲ್ಲು ಮುರಿದದ್ದೊಂದು ನನ್ನ ಕಣ್ಣಿಗೆ ಬಿತ್ತು. ಮಾರನೆಯ ದಿನ ಮತ್ತೆರಡು. ನಾನು ಸುಮ್ಮನೆ ತೆಗೆದು ಆಚೆ ಇಟ್ಟೆ. ಗ್ರೇಸಮ್ಮ ನೋಡಿದರು.

“ಮಂಜು ಮಂಜಾಗಿ ಕಾಣ್ಸುತ್ತೆ ಕಣೇ” ಎಂದರು ಪಿಸುದನಿಯಲ್ಲಿ. “ಮುಂದಿನ್ ತಿಂಗ್ಳು ಕಣ್ ಟೆಸ್ಟು. ಫೇಲಾದ್ರೆ ಪ್ಯಾಕಿಂಗಿಗೆ ಹಾಕ್ತಾರೆ. ಈ ಬೆಂಚು ಬಿಟ್ರೆ ನಾನ್ಯಾರೇ?”

ಅಂದು ಅವರು ಬಹಳ ಹೊತ್ತು ಪ್ರಾರ್ಥಿಸಿ ಭಾರವನ್ನೆಲ್ಲ ಕರ್ತನ ಮೇಲೆ ಹಾಕಿದರು. ಹಾಕಿಯಾದ ಮೇಲೆ ನನ್ನನ್ನು ಕರೆದು, “ಹೊಟ್ಟೆನೋವು ಅಂತ ಡಾಕ್ಟ್ರ ರೂಮಿಗೆ ಹೋಗು. ಗೋಡೆ ಮೇಲಿರೋ ಇಂಗ್ಲಿಷ್ ಅಕ್ಷರ ಎಲ್ಲ ಸಾಲಾಗಿ ಬರ್ಕೊಂಡ್ ಬಾ” ಅಂದರು.

ಹೋದೆ. ಇಲ್ಲದ ಹೊಟ್ಟೆನೋವಿಗೆ ಕಾಂಪೌಂಡರು ಕೊಟ್ಟ ಕಹಿ ಔಷಧಿಯನ್ನು ಅಲ್ಲೇ ನಿಂತು ಕುಡಿದು, ಬಸ್ ಪಾಸಿನ ಹಿಂದೆ ಅಕ್ಷರಗಳನ್ನು ಬರೆದುಕೊಂಡು ಬಂದೆ. ಗ್ರೇಸಮ್ಮ ಕಾರ್ಖಾನೆಯ ಬಸ್ಸಿನಲ್ಲಿ ಕೂತು, ಕೀರ್ತನೆಯ ರಾಗಕ್ಕೆ ಕೂರಿಸಿ, ಕೊನೆಯ ಸಾಲಿನವರೆಗೆ ಬಾಯಿಪಾಠ ಮಾಡಿದರು.

ಟೆಸ್ಟಿನ ದಿನ ಸಾಲಿನಲ್ಲಿ ಅವರ ಹಿಂದೆಯೇ ನಾನಿದ್ದೆ. ಬಾಗಿಲಲ್ಲಿ ಇಣುಕಿದರೆ ಹಳೇ ಇಂಗ್ಲಿಷ್ ಚಾರ್ಟೇ ಇಲ್ಲ! ಆ ವರ್ಷ ಕಾರ್ಖಾನೆಯಲ್ಲಿ ಎಲ್ಲವೂ ಕನ್ನಡವಾಗುತ್ತಿತ್ತು: ಬೋರ್ಡು ಕನ್ನಡ, ಫಾರಂ ಕನ್ನಡ. ಗೋಡೆಯ ಮೇಲೆ ಹೊಸ ಚಾರ್ಟು. ಅದರಲ್ಲಿ ದಪ್ಪಗೆ ‘ಗ’, ಅದರ ಕೆಳಗೆ ‘ರ’, ‘ಠ’. ಕೆಮ್ಮಿದೆ, ಬಳೆ ಸದ್ದು ಮಾಡಿದೆ. ಕೇಳಬೇಕಲ್ಲ! ಗ್ರೇಸಮ್ಮ ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, “ಇ! ಎಚ್, ಟಿ! ಓ, ಪಿ, ಝಡ್!” ಎಂದು ಒಂದು ತಪ್ಪೂ ಇಲ್ಲದೆ ಕೊನೆಯ ಸಾಲಿನವರೆಗೆ ಒಪ್ಪಿಸಿದರು.

ಡಾಕ್ಟರು ಪೆನ್ನು ಕೆಳಗಿಟ್ಟರು. “ತುಂಬಾ ಚೆನ್ನಾಗ್ ಹೇಳಿದ್ರಿ ಗ್ರೇಸಮ್ಮ. ಆದ್ರೆ ಅಲ್ಲಿರೋದು ಕನ್ನಡ ಕಣ್ರೀ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊರಗೆ ಬಂದ ಗ್ರೇಸಮ್ಮ ಗೋಡೆ ಹಿಡಿದು ಕೂತರು. “ಊರವ್ರಿಗೆಲ್ಲ ಕೆಂಪ್ ಚೀಟಿ ಅಂಟಿಸ್ದೆ. ನಾನೇ ಮೋಸದ ಮಾಲು ಕಣೇ. ದೇವ್ರು ಅಂತ ಬಾಯಲ್ ಹೇಳ್ಕೊಂಡು ನಂಬಿದ್ದು ನಿನ್ನ ಬಸ್ ಪಾಸನ್ನ” ಎಂದು ಅತ್ತರು.

ಪೊರೆ ಬಂದಿತ್ತು. ಕಣ್ಣಾಸ್ಪತ್ರೆಗೆ ಸೇರಿಸಿದರು. ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಪ್ರಾರ್ಥನೆ ಮಾಡಿ, ನನ್ನ ಕೈ ಹಿಡಿದು, “ಹೋಗಿ ನೋಡ್ಕೊಂಡ್ ಬಾ, ಆ ಡಾಕ್ಟ್ರು ಕನ್ನಡಕ ಹಾಕ್ತಾರಾ ಅಂತ. ಹಾಕಿದ್ರೆ ಬೇರೆಯವ್ರನ್ನ ಕೇಳೋಣ” ಅಂದರು. ಡಾಕ್ಟರು ಕನ್ನಡಕ ಹಾಕಿದ್ದರು. ಇಲ್ಲವೆಂದು ಸುಳ್ಳು ಹೇಳಿದೆ.

ಮಾರನೆಯ ದಿನ ಹೋದಾಗ ಎರಡೂ ಕಣ್ಣಿಗೆ ಪಟ್ಟಿ, ತಲೆಯ ಆಚೆ ಈಚೆ ಮರಳಿನ ಚೀಲ. ಅಲುಗಾಡುವಂತಿರಲಿಲ್ಲ. ನಾನು ಏನೇನೋ ಸಮಾಧಾನ ಹೇಳಲು ಹೊರಟೆ.

“ಸುಮ್ನಿರೇ” ಅಂದರು. “ನೆನ್ನೆಯಿಂದ ನಾನು ಏನನ್ನೂ ಹೋಗಿ ನೋಡಿಲ್ಲ. ಆದ್ರೂ ಹಾಲಿನವ್ನು ಬಂದ, ನರ್ಸ್ ಬಂದ್ಳು, ಬೆಳಕೂ ಹರೀತಂತೆ.”

“ಬ್ಯಾಸರ ಆತೇನ್ರಿ ಅಕ್ಕಾರ?”

“ಬೇಜಾರಲ್ಲ ಕಣೇ. ಸ್ವಲ್ಪ ಅವಮಾನ.” ಹೀಗೆಂದು ನಗಲು ಹೋಗಿ ನರ್ಸಿನಿಂದ ಬೈಸಿಕೊಂಡರು. “ಕರ್ತ ಮಾಡ್ಕೊಳ್ಲಿ ಬಿಡು, ಅವನ ಕೆಲ್ಸ ಅವನಿಗೆ ಗೊತ್ತಿದೆ” ಎಂದು ನಿದ್ದೆಹೋದರು. ಅವರು ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಸೋಡಾ ಬುಡ್ಡಿ ಕನ್ನಡಕ ಬಂತು, ಬೆಂಚು ಹೋಯಿತು. ಪ್ಯಾಕಿಂಗಿನಲ್ಲಿ ಕೊರಗಿ ಸಾಯುತ್ತಾರೆಂದು ನಾನು ಹೆದರಿದ್ದೆ. ಎಲ್ಲಿಯ ಕೊರಗು! ಡಬ್ಬ ಮುಚ್ಚುತ್ತ, ಕೀರ್ತನೆ ಹಾಡುತ್ತ, ಹುಡುಗಿಯರಿಗೆ ಹುಣಸೆಹಣ್ಣು ಹಂಚುತ್ತ ಆರಾಮಾಗಿದ್ದರು. ನನಗೆ ಒಳಗೊಳಗೇ ಹೊಟ್ಟೆಯುರಿ.

ಸುಮಾಳ ಎಸ್ಸೆಸ್ಸೆಲ್ಸಿ ಬಂತು. ಓಡಿಹೋಗಿ ನನ್ನ ಚಿಂತೆಯನ್ನೆಲ್ಲ ಅವರ ಮುಂದೆ ಸುರಿದೆ. ಎರಡೇ ಮಾತಿನಲ್ಲಿ ಪ್ರಾರ್ಥಿಸಿ, “ಆಯ್ತು, ಹೋಗು” ಅಂದರು. ಪರೀಕ್ಷೆ ಮುಗಿಯಿತು, ಕೇಳಲಿಲ್ಲ. ಫಲಿತಾಂಶ ಬಂತು, ಆಗಲೂ ಕೇಳಲಿಲ್ಲ. ನನಗೆ ಸಿಟ್ಟು ತಡೆಯಲಾಗಲಿಲ್ಲ.

“ಏನಾತು ಅಂತ ಒಂದು ಮಾತು ಕೇಳಬಾರದೇನ್ರಿ?”

“ಒಪ್ಪಿಸಿ ಆಯ್ತಲ್ಲ, ಮತ್ತೆ ಯಾಕೇ ಕೇಳ್ಲಿ?”

“ನೀವು ಪ್ರಾರ್ಥನಾ ಮಾಡ್ತೀರಿ ಅಂತ ಅಲ್ಲರಿ ನಾ ನಿಮ್ಮ ಹಂತ್ಯಾಕ ಬರ್ತಿದ್ದದ್ದು!” ನನಗೆ ಅಳು ನುಗ್ಗಿತು. “ಈ ಊರಾಗ ನನ್ನ ಮಗಳ ಸಲುವಾಗಿ ಚಿಂತಿ ಮಾಡಾಕ ನೀವೊಬ್ಬರ ಇದ್ರಿ.”

ಗ್ರೇಸಮ್ಮ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟು, ದಪ್ಪ ಗಾಜಿನ ಹಿಂದಿನಿಂದ ನನ್ನನ್ನೇ ನೋಡಿದರು. “ಅಯ್ಯೋ ಹುಚ್ಚಿ, ಬಾ ಇಲ್ಲಿ. ಎಷ್ಟು ಬಂತು ಮಾರ್ಕ್ಸು? ಲೆಕ್ಕದಲ್ಲೆಷ್ಟು?” ಎಂದು ಒಂದೊಂದು ವಿಷಯವನ್ನೂ ಬಿಡದೆ ಕೇಳಿದರು. ತಮಗೆ ಬೇಕಿರಲಿಲ್ಲ, ನನಗೋಸ್ಕರ ಕೇಳಿದರು.

ನಿವೃತ್ತರಾದ ಮರುವರ್ಷವೇ ಹೋಗಿಬಿಟ್ಟರು. ಮಣ್ಣು ಹಾಕುವಾಗ ಪಾದ್ರಿ ಅಯ್ಯನವರು, ನಮ್ಮ ಸಹೋದರಿ ಸಕಲ ಚಿಂತೆಗಳಿಂದಲೂ ಬಿಡುಗಡೆ ಹೊಂದಿದರು ಎಂದರು. ಅದು ನಿಜವೇ. ಆದರೆ ಆಸ್ಪತ್ರೆಯ ಹಾಸಿಗೆಯಲ್ಲೇ ಅವರಿಗೆ ಆ ಬಿಡುಗಡೆ ಸಿಕ್ಕಿತ್ತೆಂಬುದು ಅಯ್ಯನವರಿಗೆ ಗೊತ್ತಿರಲಿಲ್ಲ. ಎಲ್ಲರೂ ಗೇಟಿನ ಕಡೆ ನಡೆದರು. ಮಾರನೆಯ ದಿನ ಸುಮಾಳನ್ನು ನೋಡಲು ಗಂಡಿನವರು ಬರುವವರಿದ್ದರು. ಅದನ್ನು ಯಾರಿಗೆ ಹೇಳಲಿ ಎಂದು ತಿಳಿಯದೆ ನಾನು ಅಲ್ಲೇ ನಿಂತು ಅತ್ತೆ.